ಭಾವನ ಪುಸ್ತಕಕ್ಕೆ ಹಸಿರು ಚೀಟಿ

ಹೊಸ ಪುಸ್ತಕ ಬಂದರೆ ಪೂರ್ತಿ ಓದಿ, ಯಾವ ವಯಸ್ಸಿನವರಿಗೆಂದು ತೀರ್ಮಾನಿಸಿ, ಬೆನ್ನಿಗೆ ಬಣ್ಣದ ಚೀಟಿ ಅಂಟಿಸುವುದು ಗ್ರಂಥಾಲಯದಲ್ಲಿ ಅವಳ ಕೆಲಸ. ಎಳೆಯರಿಗೆ ಹಳದಿ, ಹತ್ತು ಹನ್ನೆರಡರ ಮಕ್ಕಳಿಗೆ ಹಸಿರು, ದೊಡ್ಡವರಿಗೆ ನೀಲಿ. ಈ ಸಲ ಭಾವ ಬರೆದ ಕಾದಂಬರಿಗೆ ಅವಳು ಹಸಿರು ಅಂಟಿಸಿದ್ದಳು.

ಭಾವ ಬಂದದ್ದೇ ಅದಕ್ಕೆ. ಮಕ್ಕಳ ಕಪಾಟಿನಿಂದ ಪುಸ್ತಕ ಎಳೆದು ತಂದು ಅವಳ ಮೇಜಿನ ಮೇಲೆ ಕುಕ್ಕಿದ. ಹಿಂದೆ ಅಕ್ಕ ಕೈಚೀಲ ಅವುಚಿಕೊಂಡು ನಿಂತಿದ್ದಳು.

"ಏನಮ್ಮಾ ಸಂಜೆ ಕಾಲೇಜು, ಕಣ್ಣು ಕಾಣ್ಸಲ್ವಾ? ಇದ್ರಲ್ಲಿ ಮೂರು ಸಾವಿದೆ, ಒಂದು ವಿಚ್ಛೇದನ ಇದೆ."

ಕೆಲಸ ಮುಗಿಸಿ ಸಂಜೆ ತರಗತಿಗೆ ಹೋಗಿ ಅವಳು ಪದವಿ ಪಡೆದಂದಿನಿಂದ ಅವನು ಇಟ್ಟ ಹೆಸರು ಅದು. ನೆಂಟರ ಮುಂದೆಯೂ ಹಾಗೇ ಕರೆದು ನಗಿಸುತ್ತಿದ್ದ. ಆ ಸಿಟ್ಟನ್ನೇ ಪುಸ್ತಕದ ಮೇಲೆ ತೀರಿಸಿಕೊಂಡೆನೇನೋ ಎಂಬ ಅನುಮಾನ ಅವಳ ನಿದ್ದೆ ಕೆಡಿಸಿತ್ತು. ಅದಕ್ಕೇ ಮತ್ತೊಮ್ಮೆ ಓದಿದ್ದಳು. ಬಂದ ಪಾತ್ರವೆಲ್ಲ ತಾನು ಒಳ್ಳೆಯವನೋ ಕೆಟ್ಟವನೋ ಎಂದು ಹೊಸ್ತಿಲಲ್ಲೇ ಹೇಳಿಬಿಡುತ್ತಿತ್ತು. ಯಾರಾದರೂ ಅತ್ತರೆ, ಯಾಕೆ ಅತ್ತರೆಂದು ಮುಂದಿನ ಸಾಲು ಪಾಠ ಹೇಳುತ್ತಿತ್ತು. ಹೀಗೆ ಕೈಹಿಡಿದು ನಡೆಸುವುದು ಮಕ್ಕಳನ್ನಲ್ಲವೇ?

ಚೀಟಿ ಬದಲಾಗದಿದ್ದರೆ ತನ್ನ ಮನೆ ಮೆಟ್ಟಿಲು ಹತ್ತುವುದು ಬೇಡ, ಅಕ್ಕನೂ ಇತ್ತ ತಲೆ ಹಾಕುವುದಿಲ್ಲ ಎಂದು ಭಾವ ತಣ್ಣಗೆ ಹೇಳಿದ. ಅಕ್ಕ ನೆಲ ನೋಡಿದಳು. ತಂಗಿಗೆ ಒಡಹುಟ್ಟಿದವಳೆಂದು ಇದ್ದದ್ದು ಆ ಅಕ್ಕ ಒಬ್ಬಳೇ.

ಮೇಜಿನ ಮೇಲೆ ಇನ್ನೊಂದು ಹಸಿರು ಚೀಟಿಯ ಪುಸ್ತಕವಿತ್ತು. ಅದರಲ್ಲಿ ಅಮ್ಮನ ಹೂಜಿ ಒಡೆದ ಹುಡುಗಿ ಕ್ಷಮೆ ಕೇಳುವುದೇ ಇಲ್ಲ. ಸಿಂಕಿನಲ್ಲಿದ್ದ ಪಾತ್ರೆಯೆಲ್ಲ ತೊಳೆದು, ಒರೆಸಿ, ಜೋಡಿಸಿಡುತ್ತಾಳೆ, ಅಷ್ಟೇ. ಓದಿದ ಮಕ್ಕಳು ಯಾರೂ ಅದೇಕೆಂದು ಕೇಳಿರಲಿಲ್ಲ, ತಾವೇ ತಿಳಿದುಕೊಂಡಿದ್ದರು. ತಾನು ತಪ್ಪಿದ್ದು ಎಲ್ಲೆಂದು ಅವಳಿಗೆ ಆಗ ಹೊಳೆಯಿತು. ಉಗುರಿನಿಂದ ಭಾವನ ಪುಸ್ತಕದ ಚೀಟಿ ಕೆರೆಯತೊಡಗಿದಳು. ಅದರ ಜಾಗದಲ್ಲಿ ನೀಲಿ ಚೀಟಿ ಸೊಟ್ಟಗೆ ಕೂತಿತು.

"ತಪ್ಪು ನಂದೇ, ಭಾವ."

"ಈಗ ಬುದ್ಧಿ ಬಂತು."

"ಓದೋಕೆ ಬೇಜಾರಾದ್ರೆ ಮಕ್ಕಳು ತಾವೇ ದಡ್ಡರು ಅಂದ್ಕೋತಾರೆ, ಪಾಪ. ದೊಡ್ಡವರಾದ್ರೆ ಪುಸ್ತಕ ಮುಚ್ಚಿಟ್ಟು ಎದ್ದು ಹೋಗ್ತಾರೆ."

ಅಕ್ಕನ ಮೂಗಿನಿಂದ ಪುಸಕ್ಕನೆ ನಗು ನುಗ್ಗಿತು. ಕೆಮ್ಮಿ ಮುಚ್ಚಿಕೊಳ್ಳುವಷ್ಟರಲ್ಲಿ ಭಾವ ತಿರುಗಿ ನೋಡಿಯಾಗಿತ್ತು. ಅವನ ಕಿವಿ ಕೆಂಪಾಯಿತು. ನೀಲಿಯಾದರೂ ಅಷ್ಟೇ, ಹಸಿರಾದರೂ ಅಷ್ಟೇ, ಇವಳ ಮುಖ ತನ್ನ ಮನೆಯಲ್ಲಿ ಕಾಣಿಸಕೂಡದು ಎಂದವನೇ ಹೆಂಡತಿಗೆ "ನಡಿ" ಅಂದ.

ಅಕ್ಕ ನಡೆಯಲಿಲ್ಲ. ಹೂಜಿ ಹುಡುಗಿಯ ಪುಸ್ತಕವನ್ನು ತಂಗಿಯ ಮುಂದೆ ಸರಿಸಿ, ಮುದ್ರೆ ಒತ್ತಿಸಿಕೊಂಡು ಕೈಚೀಲಕ್ಕೆ ಹಾಕಿದಳು.

"ಇದೇನು?" ಎಂದ ಭಾವ.

"ಓದೋಕೆ," ಎಂದಳು ಅಕ್ಕ. "ವಾಪಸ್ ಕೊಡೋಕೆ ಮತ್ತೆ ನಾನೇ ಬರ್ಬೇಕಲ್ರೀ."