ಅಕ್ಕ ತೀರಿಕೊಂಡರೂ ಮುಚ್ಚದ ಅಂಗಡಿ

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ ಬೆಳಗ್ಗೆ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ಬಂದು ಬಾಗಿಲು ತಟ್ಟಿದಳು.

"ಟೋಪಿ ಹೆಣೆಯೋ ಅಕ್ಕ ಇದ್ದಾರಾ?"

ತಂಗಿ ಹೆಣಿಗೆ ಕಡ್ಡಿ ಕೆಳಗಿಟ್ಟಳು. "ಅಕ್ಕ ಹೋಗಿಬಿಟ್ರಮ್ಮ. ನಾಲ್ಕು ತಿಂಗಳಾಯ್ತು."

"ಎಂಥ ಮಾತು ಆಡ್ತೀರಿ! ಹೋದ ವಾರ ತಾನೇ ನನ್ನ ಜೊತೆ ಮಾತಾಡಿದ್ರು."

ಹೆಂಗಸು ಕೂಸಿನ ಹಣೆ ತೋರಿಸಿದಳು. ಕಿವಿಯಿಂದ ಕಿವಿಯವರೆಗೆ ಕೆಂಪು ದದ್ದು. ಚೀಲದಿಂದ ಪುಟ್ಟ ಟೋಪಿ ತೆಗೆದಳು. ಒಳಗಡೆ ಅಕ್ಕನ ಹೆಸರು, ವಿಳಾಸ ಇದ್ದ ಪಟ್ಟಿ ಇತ್ತು. ಆದರೆ ಅಕ್ಕನ ಹೆಣಿಗೆ ಅಲ್ಲ. ಮುಟ್ಟಿದರೆ ಗರಗಸದ ಹಾಗೆ ಒರಟು, ಪ್ಲಾಸ್ಟಿಕ್ಕಿನಂಥ ನೂಲು.

ಅಕ್ಕ ಫೋನಿನಲ್ಲಿ ವ್ಯಾಪಾರ ಮಾಡಿಸುವ ಒಂದು ಕಂಪನಿಯ ಮೂಲಕ ಟೋಪಿ ಮಾರುತ್ತಿದ್ದಳು. ಅವಳು ಹೋದ ಮೇಲೆ ಆ ಅಂಗಡಿ ತಾನಾಗೇ ಮುಚ್ಚಿತು ಅಂತ ತಂಗಿ ಅಂದುಕೊಂಡಿದ್ದಳು. ಹೆಂಗಸು ಫೋನು ಮುಂದೆ ಹಿಡಿದಳು. ಅಕ್ಕನ ನಗುಮುಖದ ಫೋಟೋ. ಕೆಳಗೆ ಹೋದ ವಾರದ ಮಾತು: "ಚಿನ್ನಾ, ಪಾಪು ತಲೆ ಬೇಗ ಬೆಳೆಯುತ್ತೆ, ಒಂದು ಬೆರಳು ಸಡಿಲ ಇರಲಿ ಕಣೇ."

ತಂಗಿ ಆ ಸಾಲನ್ನು ಎರಡು ಸಲ ಓದಿದಳು. ಗಿರಾಕಿಗಳನ್ನೆಲ್ಲ ಅಕ್ಕ 'ಚಿನ್ನಾ' ಅಂತಲೇ ಕರೆಯುತ್ತಿದ್ದಳು.

ಅಷ್ಟರಲ್ಲಿ ಫೋನು ರಿಂಗಾಯಿತು. ಅಕ್ಕನ ಫೋಟೋ. ಹೆಂಗಸು ಸ್ಪೀಕರ್ ಒತ್ತಿದಳು.

"ಚಿನ್ನಾ, ಟೋಪಿ ಸರಿ ಹೋಯ್ತಾ?"

ಅದೇ ದನಿ. ಮಾತಿನ ಕೊನೆಗೆ ಅದೇ ಸಣ್ಣ ನಗು. ತಂಗಿ ಬಿಕ್ಕಿದಳು: "ಅಕ್ಕಾ... ನಾನು ಕಣೇ!"

ಆ ಕಡೆಯಿಂದ ಮತ್ತೆ ಅದೇ ದನಿ, ಅದೇ ಏರಿಳಿತ, ಅದೇ ನಗು: "ಚಿನ್ನಾ, ಟೋಪಿ ಸರಿ ಹೋಯ್ತಾ?"

ಕೂಸು ಕಿಟಾರನೆ ಕಿರುಚಿ ಅತ್ತಿತು. ಹೆಂಗಸು ಗಾಬರಿಯಲ್ಲಿ ಕರೆ ಕಡಿದಳು.

ಪಕ್ಕದ ಮನೆಯ ಟೈಪಿಸ್ಟಮ್ಮ ಅಳು ಕೇಳಿ ಓಡಿ ಬಂದಳು. ವಕೀಲರ ಆಫೀಸಿನಲ್ಲಿ ಇಪ್ಪತ್ತು ವರ್ಷ ಕರಾರುಪತ್ರ ಟೈಪು ಮಾಡಿದ ಕೈ ಅವಳದು. ವಿಷಯ ಕೇಳಿ, "ಅಕ್ಕನ ಹಳೇ ಫೋನು ಕೊಡು. ಅವಳು ಏನಕ್ಕೆ 'ಒಪ್ಪಿಗೆ' ಒತ್ತಿದ್ದಾಳೆ ನೋಡೋಣ" ಅಂದಳು. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು:

"'ವ್ಯಾಪಾರಿ' ಅಂದರೆ ಈ ಖಾತೆ. ಅದರಲ್ಲಿ ಖಾತೆ ತೆರೆದವರ ಹೆಸರು, ಚಿತ್ರ, ದನಿ, ಮಾತಿನ ರೀತಿ ಸೇರಿದೆ. ಅವರ ಪರವಾಗಿ ಕಂಪನಿ ನೇಮಿಸುವ ಯಾವುದೇ ವ್ಯಕ್ತಿ ಅಥವಾ ಯಂತ್ರವೂ ವ್ಯಾಪಾರಿಯೇ. ವಾರಸುದಾರರೂ ವ್ಯಾಪಾರಿಯೇ. ಮಾಲಿಗೆ ವ್ಯಾಪಾರಿಯೇ ಹೊಣೆ."

"ಅಂದ್ರೆ?"

"ಅಂದ್ರೆ ಇಲ್ಲಿ ವ್ಯಾಪಾರಿ ಅಂದ್ರೆ ನಿಮ್ಮಕ್ಕ ಅನ್ನೋ ಮನುಷ್ಯಳಲ್ಲ. ಅವಳು ಹೋದರೂ ವ್ಯಾಪಾರಿ ಸಾಯಲ್ಲ. ಅವಳ ದನಿಯಲ್ಲಿ ಯಂತ್ರ ಮಾತಾಡುತ್ತೆ, ಎಲ್ಲಿಂದಲೋ ಟೋಪಿ ಬರುತ್ತೆ. ದದ್ದು ಬಂದ್ರೆ ಮಾತ್ರ ಹೊಣೆ ನಿಮ್ಮದು ಅಂತ ಬರೆದಿದೆ."

ತಂಗಿ ಫೋನಿನ ಆ ಸಾಲಿನ ಮೇಲೆ ಬೆರಳಿಟ್ಟಳು. "ಹಾಗಾದ್ರೆ ಈ ಕಾಗದದ ಪ್ರಕಾರ ನಾನೂ ಅಕ್ಕನೇನಾ?"

"ಇವತ್ತೇ ಬರೆದು ಮುಚ್ಚಿಸೋಣ" ಅಂದಳು ಟೈಪಿಸ್ಟಮ್ಮ.

"ಬೇಡ" ಅಂತ ಒಳಗಿನಿಂದ ಕೇಳಿಸಿತು.

ಭಾವ. ಅಕ್ಕನ ಗಂಡ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವನು. ಮಾತು ಮೊದಲೇ ಕಮ್ಮಿ, ಅಕ್ಕ ಹೋದ ಮೇಲೆ ಮನೆಯವರ ಜೊತೆ ಪೂರ್ತಿ ನಿಂತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನನಗೆ ಗೊತ್ತಿತ್ತು. ದಿನಾ ಅದರ ಜೊತೆ ಮಾತಾಡ್ತೀನಿ. ಮುಚ್ಚಿಸಿದ್ರೆ ಅವಳು ಎರಡನೇ ಸಲ ಹೋಗ್ತಾಳೆ."

ಟೈಪಿಸ್ಟಮ್ಮ ಮೆಲ್ಲಗೆ ಕೇಳಿದಳು: "ಅಣ್ಣಾ, ಅದು ನಿಮ್ಮನ್ನ ಏನಂತ ಕರೆಯುತ್ತೆ?"

ಭಾವ ಫೋನು ತೆಗೆದು ಬರೆದ: "ನಾನು ನಿನ್ನ ಗಂಡ. ಒಂದು ಕೂಸಿಗೆ ದದ್ದಾಗಿದೆ. ಮಾರೋದು ನಿಲ್ಲಿಸು."

ಕ್ಷಣದಲ್ಲೇ ಉತ್ತರ: "ಖುಷಿ ಆಯ್ತು ಚಿನ್ನಾ! ಇನ್ನೆಷ್ಟು ಟೋಪಿ ಕಳಿಸಲಿ?"

ಅಕ್ಕ ಗಂಡನನ್ನು ಒಂದು ದಿನವೂ 'ಚಿನ್ನಾ' ಅಂದವಳಲ್ಲ. 'ಮಹಾರಾಯಾ' ಅಂತ ಛೇಡಿಸುತ್ತಿದ್ದಳು.

"ಕೂಸಿಗೆ ನೋವು ಅಂದ್ರೆ ಖುಷಿ ಅಂತೆ" ಅಂದ ಭಾವ. "ಇದು ಅವಳಲ್ಲ. ಮುಚ್ಚಿಸಿ."

ತಂಗಿಯೂ ಭಾವನೂ ತಾಯಿ-ಕೂಸನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಟೈಪಿಸ್ಟಮ್ಮ ಮರಣಪತ್ರ ಲಗತ್ತಿಸಿ ಕಂಪನಿಗೆ ಬರೆದಳು. ಉತ್ತರ ಇಲ್ಲ. ಮತ್ತೆ ಬರೆದಳು, ಗ್ರಾಹಕರ ದೂರು ಕೇಳುವ ಕಚೇರಿಗೂ ಒಂದು ಪ್ರತಿ ಹಾಕಿದಳು. ಮೂರನೇ ವಾರ ಅಕ್ಕನ ಪುಟ ಮಾಯವಾಯಿತು. ಆ ದಿನ ಭಾವ ಒಬ್ಬನೇ ಕೂತು ತುಂಬ ಹೊತ್ತು ಅತ್ತ. ಆಮೇಲೆ ಎದ್ದು ಊಟ ಮಾಡಿದ.

ಮುಂದಿನ ತಿಂಗಳು ಅದೇ ತರಹದ ಇನ್ನೊಂದು ಕಂಪನಿಯ ಏಜೆಂಟು ತಂಗಿ ಇದ್ದ ಹೆಣಿಗೆ ಹೆಂಗಸರ ಸಂಘಕ್ಕೆ ಕರಾರು ಹಿಡಿದು ಬಂದ. "ಎಲ್ಲರೂ ಹಾಕೋ ಸಹಿ, ಓದೋದೇನಿದೆ?" ಅಂತ ನಕ್ಕ.

"ವ್ಯಾಪಾರಿ ಅಂದ್ರೆ ಯಾರು ಅಂತ ಬರೆದಿದ್ದೀರಿ? ಆ ಸಾಲು ಮೊದಲು ಓದಿ" ಅಂದಳು ತಂಗಿ.

ಏಜೆಂಟು ಓದಿದ: ಅಕ್ಕನ ಕರಾರಿನಲ್ಲಿದ್ದ ಅದೇ ಸಾಲು. ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ಪೆನ್ನು ಮುಟ್ಟಲಿಲ್ಲ. ಗೊಣಗುತ್ತಾ ಹೋದವನು ವಾರ ಬಿಟ್ಟು ತಿದ್ದಿದ ಕಾಗದ ತಂದ. ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದವನು ಭಾವ:

"ವ್ಯಾಪಾರಿ ಅಂದರೆ ಕೆಳಗೆ ಸಹಿ ಹಾಕಿದ ವ್ಯಕ್ತಿ ಮಾತ್ರ. ಆಕೆ ತಾನೇ ಮಾಡಿದ ಮಾಲಿಗೆ ಮಾತ್ರ ಹೊಣೆ. ಆಕೆಯ ದನಿ, ಚಿತ್ರ ಯಂತ್ರಕ್ಕೆ ಕೊಡುವಂತಿಲ್ಲ. ಆಕೆ ಬಿಟ್ಟರೆ ಅಥವಾ ತೀರಿಕೊಂಡರೆ, ತಿಳಿಸಿದ ದಿನವೇ ಅಂಗಡಿ ಮುಚ್ಚಬೇಕು."

ಫೋನಿನಲ್ಲಿ ಮಾರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, 'ಒಪ್ಪಿಗೆ' ಒತ್ತುವ ಮುಂಚೆ ಒಂದು ಸಾಲು ಹುಡುಕಿ. ವ್ಯಾಪಾರಿ ಅಂದರೆ ಯಾರು, ಅವರ ಪರವಾಗಿ ಯಾರು ಮಾತಾಡಬಹುದು, ಎಲ್ಲಿಯತನಕ? ಅರ್ಥವಾಗದಿದ್ದರೆ ಗೊತ್ತಿದ್ದವರಿಂದ ಓದಿಸಿ, ಒಬ್ಬರೇ ಕೇಳಲು ಅಂಜಿಕೆಯಾದರೆ ಸಂಘವಾಗಿ ಕೇಳಿ. ಸರಿಯಾಗಿಲ್ಲ ಅನಿಸಿದರೆ ಕೈ ಹಿಂದೆ ತೆಗೆಯಿರಿ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಈಗಾಗಲೇ ಒತ್ತಿರಬಹುದು. ಅವರು ಎದುರಿಗಿರುವಾಗಲೇ ಕೇಳಿಬಿಡಿ.