ಹೂವಿನ ಕರವಸ್ತ್ರ

ಚರ್ಚಿಗೆ ತಮ್ಮ ಕಾಲಿಡದೆ ಹನ್ನೊಂದು ವರ್ಷ. ಅಷ್ಟೂ ವರ್ಷ ಅಕ್ಕನದು ಒಂದೇ ರಾಗ: "ನೀನು ನರಕಕ್ಕೇ ಹೋಗೋದು."

ಅದಕ್ಕೂ ಮೊದಲಿನಿಂದ ತಮ್ಮನದು ಊರಾಚೆ ಕಸ ಸುಡುವ ಕೆಲಸ. "ಅಲ್ಲೂ ಹಾಜರಿ ಹಾಕ್ಬೇಕಾ ಅಕ್ಕಾ?" ಎಂದು ಹಲ್ಲು ಕಿರಿಯುತ್ತಿದ್ದ. ಅಕ್ಕನಿಗೆ ನಗು ಬರುತ್ತಿರಲಿಲ್ಲ. ಸ್ವರ್ಗದಲ್ಲಿ ಅಪ್ಪ ಅಮ್ಮ ಸಿಕ್ಕಿ "ಚಿಕ್ಕವನೆಲ್ಲಿ?" ಎಂದು ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು ಎಂಬ ಭಯ ಅವಳಿಗೆ ನಿಜವಾಗಿಯೂ ಇತ್ತು.

ಆ ಭಾನುವಾರ ಪಾದ್ರಿಗಳು ಪ್ರಸಂಗದಲ್ಲಿ ಹೊಸ ವಿಷಯ ಎತ್ತಿದರು. ನಾವು ನರಕ ಎನ್ನುವುದನ್ನು ಯೇಸುಸ್ವಾಮಿ ಗೆಹೆನ್ನ ಎಂದು ಕರೆದಿದ್ದರಂತೆ. ಅದು ಯೆರೂಸಲೇಮಿನ ಗೋಡೆಯಾಚೆಯ ಕಣಿವೆಯ ಹೆಸರು. ಊರಿನ ಕಸವನ್ನೆಲ್ಲ ಅಲ್ಲೇ ಸುಡುತ್ತಿದ್ದರೆಂದು ಹೇಳುವವರೂ ಇದ್ದಾರಂತೆ. ಉಳಿದವರು ಆಕಳಿಸಿದರು. ಅಕ್ಕ ಮಾತ್ರ ನೆಟ್ಟಗೆ ಕೂತಳು. ಹಾಗಾದರೆ ತಮ್ಮ ದಿನಾ ಬುತ್ತಿ ಕಟ್ಟಿಕೊಂಡು ನರಕಕ್ಕೆ ಹೋಗಿ, ಸಂಜೆ ಕೈಕಾಲು ತೊಳೆದು ಮನೆಗೆ ಬರುತ್ತಿದ್ದಾನೆ!

ಸೋಮವಾರ ಅಕ್ಕ ಕಣ್ಣಾರೆ ನೋಡಲು ಹೊರಟಳು. ಗೇಟು ದಾಟಿದ್ದೇ ತಡ, ನಾತ ಮುಖಕ್ಕೆ ರಾಚಿತು. ಎಲ್ಲೆಲ್ಲೂ ಹೊಗೆ, ಹದ್ದು, ನಾಯಿ. ನಡುವೆ ತಮ್ಮ, ಮುಖಕ್ಕೆ ಏನೂ ಕಟ್ಟಿಕೊಳ್ಳದೆ, ಉದ್ದನೆಯ ಕೊಕ್ಕೆಯಿಂದ ಉರಿಯುವ ರಾಶಿ ಕೆದಕುತ್ತ ಕೆಮ್ಮುತ್ತಿದ್ದ. ಅವಳ ಕೈ ತಾನಾಗಿಯೇ ಕರವಸ್ತ್ರವನ್ನು ಮೂಗಿಗೆ ಒಯ್ದಿತು.

"ಬಾ ಅಕ್ಕಾ! ಬದುಕಿರುವಾಗ್ಲೇ ಬಂದ್ಬಿಟ್ಯಾ? ನನಗಿಂತ ನಿಂಗೇ ಅವಸರ!" ಎಂದ ತಮ್ಮ. ಆಮೇಲೆ ಅವಳ ಕೈ ನೋಡಿದ. "ಅದೇ ಹೂವಿನ ಕರವಸ್ತ್ರ ತಾನೇ? ಕಡೇ ಸಲ ಚರ್ಚಲ್ಲಿ ನಿನ್ ಪಕ್ಕ ಕೂತಾಗ್ಲೂ ನೀನು ಹೀಗೇ ಮೂಗಿಗೆ ಹಿಡ್ಕೊಂಡಿದ್ದೆ."

ನಗುತ್ತಲೇ ಹೇಳಿದ. ಅಕ್ಕನಿಗೆ ಮಾತ್ರ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅವನನ್ನು ಚರ್ಚಿನಿಂದ ಓಡಿಸಿದವಳು ತಾನೇ, ಹನ್ನೊಂದು ವರ್ಷ ನರಕದ ಹೆದರಿಕೆ ಹಾಕಿದವಳೂ ತಾನೇ. ಕರವಸ್ತ್ರ ಬಿಡಿಸಿ ತಮ್ಮನ ಮೂಗು ಬಾಯಿಗೆ ಸುತ್ತಿ, ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿದಳು.

"ಭಾನುವಾರ ಬಾ. ನನ್ ಪಕ್ಕಾನೇ ಕೂತ್ಕೋ."

"ಸೆಂಟು ಹಾಕ್ಕೊಂಡು ಬರ್ಲಾ?" ಬಟ್ಟೆಯೊಳಗಿಂದಲೇ ಕೇಳಿದ.

ಹೊಗೆಗೋ ಏನೋ, ಅಕ್ಕನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬರಿ ಮೂಗಿನಲ್ಲಿ ಅಲ್ಲೇ ನಿಂತು ಕೆಮ್ಮುತ್ತ, "ಹೇಗಿದ್ದೀಯೋ ಹಾಗೇ ಬಾರೋ, ಕತ್ತೆ" ಎಂದಳು.