ಟೋಪಿರಾಯನ ಒಂಟಿ ಬೂಟು

ಕಪ್ಪೆಗೆ ಕಣ್ಣು ಹೊಲಿಯುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಗುಂಡಿ ಕೂದಲೆಳೆಯಷ್ಟು ಆಚೀಚೆ ಸರಿದರೂ ಪಾಪದ ಕಪ್ಪೆಯ ಮುಖ ಪೆಚ್ಚಾಗಿಬಿಡುತ್ತದೆ. ಎಡಗಣ್ಣು ಮುಗಿಸಿ ದಾರ ಕತ್ತರಿಸುವ ಹೊತ್ತಿಗೆ ಮೇಜಿನ ಮೇಲಿದ್ದ ಫೋನು ಗುರ್ರೆಂದಿತು.

"ಬಂತು ನೋಡು ಇನ್ನೊಂದು ಕಪ್ಪೆ," ಎಂದಳು ಇಸ್ತ್ರಿಯಮ್ಮ, ಚಾದರದ ಮಡಿಕೆಯಿಂದ ತಲೆಯೆತ್ತದೆ. "ರೋಗಿಗಳಿಗಿಂತ ನಿನ್ನ ಕಪ್ಪೆಗಳೇ ಜಾಸ್ತಿ ಆದ್ವು ಈ ಆಸ್ಪತ್ರೇಲಿ."

ಆಸ್ಪತ್ರೆಯ ಹಿಂಬದಿಯಲ್ಲಿ, ಬಾಯ್ಲರಿನ ಪಕ್ಕದ ಬಟ್ಟೆ ಕೋಣೆ ಅದು. ಒಗೆದು ಒಣಗಿದ ಚಾದರ, ದಿಂಬಿನ ಚೀಲ, ಆಪರೇಷನ್ ಗೌನುಗಳು ಗುಡ್ಡೆಗುಡ್ಡೆಯಾಗಿ ಇಲ್ಲಿಗೆ ಬರುತ್ತವೆ. ಹರಿದದ್ದನ್ನು ಇವಳು ಹೊಲಿಯುತ್ತಾಳೆ, ಹೊಲಿದದ್ದನ್ನು ಇಸ್ತ್ರಿಯಮ್ಮ ತೀಡುತ್ತಾಳೆ. ಹೊಲಿಯಲೂ ಆಗದಷ್ಟು ಜೀರ್ಣವಾದ ಹಸಿರು ಗೌನುಗಳನ್ನು ಎಸೆಯಬೇಕು. ಎಸೆಯುವ ಮುನ್ನ ಅದರಲ್ಲಿ ಗಟ್ಟಿಯಿರುವ ತುಂಡುಗಳನ್ನು ಇವಳು ಎತ್ತಿಟ್ಟುಕೊಳ್ಳುತ್ತಾಳೆ. ಮೇಲ್ವಿಚಾರಕಿ ಮೇಡಮ್ಮೇ ಒಪ್ಪಿಗೆ ಕೊಟ್ಟಿದ್ದಾರೆ. ಅವರ ಮಗಳಿಗೂ ಒಂದು ಕಪ್ಪೆ ಹೋಗಿದೆ. ನೂರು ಸಲ ಕುದಿಸಿ ಒಗೆದ ಆ ಬಟ್ಟೆಯಷ್ಟು ಮೆತ್ತಗಿನ ಕಪ್ಪೆಚರ್ಮ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಈ ಹುಚ್ಚು ಹಿಡಿದದ್ದಕ್ಕೆ ಕಾರಣ 'ಹನ್ನೆರಡು ಕೊಳ'. ಅವಳು ಚಿಕ್ಕವಳಿದ್ದಾಗ ಕಂಪ್ಯೂಟರಿನಲ್ಲಿ ಮಕ್ಕಳು ಆಡುತ್ತಿದ್ದ ಆಟ. ಸೇರಿದವರಿಗೆಲ್ಲ ಒಂದೊಂದು ಕಪ್ಪೆ. ಅದಕ್ಕೆ ಟೋಪಿ ಹಾಕಿ, ಬೂಟು ತೊಡಿಸಿ, ಹೆಸರಿಟ್ಟು, ಕೊಳದಿಂದ ಕೊಳಕ್ಕೆ ಹಾರಿಸುತ್ತ ಹೋಗಬೇಕು. ಕೊನೆಯ ಕೊಳದಲ್ಲಿ ಚಂದ್ರ ಬಿದ್ದಿದ್ದಾನೆ, ಅವನನ್ನು ಎತ್ತಿ ತರಬೇಕು. ಒಂದು ದಿನ ಕಂಪನಿಯವರು ಆಟವನ್ನೇ ಮುಚ್ಚಿಬಿಟ್ಟರು. ಲೋಕದಲ್ಲಿ ಎಷ್ಟು ಮಕ್ಕಳ ಕಪ್ಪೆಗಳು ಯಾವ್ಯಾವ ದಡದಲ್ಲಿ ನಿಂತಿದ್ದವೋ, ಅಲ್ಲೇ ಮಾಯವಾದವು.

ಈಗ ಆ ಮಕ್ಕಳೆಲ್ಲ ದೊಡ್ಡವರಾಗಿ, ಕೆಲವರಿಗೆ ತಲೆಗೂದಲೂ ಉದುರಿ, ಫೋನಿನಲ್ಲೊಂದು ಗುಂಪು ಕಟ್ಟಿಕೊಂಡಿದ್ದರು. ನೆನಪಿನಿಂದಲೇ ಆಟವನ್ನು ಮತ್ತೆ ಕಟ್ಟುತ್ತಿದ್ದರು. ಒಬ್ಬ ದಂತವೈದ್ಯ ಮರಗಳನ್ನು ಬರೆದ. ಕಪ್ಪೆಯ ವಟಗುಟ್ಟುವಿಕೆ ಎಲ್ಲೂ ಸಿಗದೆ ಕೊನೆಗೆ ಶಾಲೆಯ ಮೇಷ್ಟ್ರೊಬ್ಬರು ತಮ್ಮ ಗಂಟಲಿನಿಂದಲೇ ಅದನ್ನು ಹೊರಡಿಸಿ ಕಳಿಸಿದರು. ಕೇಳಿದರೆ ನೆಗಡಿಯಾದ ಕಪ್ಪೆಯಂತಿತ್ತು, ಆದರೂ ಎಲ್ಲರೂ ಕಣ್ಣೊರೆಸಿಕೊಂಡರು. ಮೊದಲ ನಾಲ್ಕು ಕೊಳಗಳು ಎದ್ದು ನಿಂತಿದ್ದವು. ಟೋಪಿ, ಬೂಟುಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಸದ್ಯಕ್ಕೆ ಕಪ್ಪೆಗಳೆಲ್ಲ ಬೋಳು. ಆ ಕೊರತೆ ತುಂಬುತ್ತಿದ್ದವಳು ಇವಳೇ. ಗುಂಪಿನಲ್ಲಿ ಅವಳು 'ಹಸಿರು ಸೂಜಿ'. ನಿಮ್ಮ ಕಪ್ಪೆ ಹೇಗಿತ್ತು, ಏನು ತೊಟ್ಟಿತ್ತು, ಈಗ ಯಾರಿಗೆ ಬೇಕು ಎಂದು ಕೇಳಿ, ಬಟ್ಟೆಯಲ್ಲಿ ಹೊಲಿದು ಕಳಿಸುತ್ತಿದ್ದಳು.

ಫೋನು ತೆಗೆದು ಓದಿದಳು. ಓದುತ್ತಿದ್ದಂತೆ ಕೈಯಲ್ಲಿದ್ದ ಒಂಟಿಗಣ್ಣಿನ ಕಪ್ಪೆ ಜಾರಿ ಚಾದರದ ಗುಡ್ಡೆಗೆ ಬಿತ್ತು.

ಬರೆದವನು 'ದಡದ ಕಪ್ಪೆ' ಎಂಬಾತ. "ನಮ್ಮ ಕಪ್ಪೆಯ ಹೆಸರು ಟೋಪಿರಾಯ. ಕೆಂಪು ಪಟ್ಟೆಯ ಟೋಪಿ, ಹಿಂದುಮುಂದಾಗಿ. ಒಂದೇ ಕಾಲಿಗೆ ಬೂಟು."

ಲೋಕದಲ್ಲಿ ಇನ್ನೊಬ್ಬ ಟೋಪಿರಾಯ ಇರಲಾರ. ಹೆಸರಿಟ್ಟವನು ಅವಳ ತಮ್ಮ. ಎರಡು ಬೂಟು ಕೊಳ್ಳುವಷ್ಟು ಆಟದ ಮುತ್ತು ಕೂಡಿಲ್ಲವೆಂದು ಒಂದೇ ಬೂಟು ತೊಡಿಸಿದವಳು ಅವಳು. ಮನೆಯಲ್ಲಿದ್ದದ್ದು ಒಂದು ಕಂಪ್ಯೂಟರು, ಒಂದು ಕುರ್ಚಿ, ಅಮ್ಮ ಕೊಡುತ್ತಿದ್ದ ಅರ್ಧ ಗಂಟೆ. ಸರದಿಗಾಗಿ ಕಿತ್ತಾಡಿ ಸಾಕಾಗಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು, ಕಪ್ಪೆಯನ್ನೂ ಅರ್ಧರ್ಧ ಹಂಚಿಕೊಂಡಿದ್ದರು. ಬಾಣದ ಗುರುತಿನ ಕೀಲಿಗಳು ತಮ್ಮನ ಪಾಲು; ಅವನು ನಡೆಸುವುದು. ಕೆಳಗಿನ ಉದ್ದ ಕೀಲಿ ಅವಳ ಪಾಲು. ಅವನು "ಹಾಂ" ಎಂದ ತಕ್ಷಣ ಒತ್ತಿ ಹಾರಿಸುವುದು. ಹನ್ನೆರಡನೇ ಕೊಳ ತಲುಪುವ ಮೊದಲೇ ಆಟ ಮುಚ್ಚಿತು.

ಆ ತಮ್ಮನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಇದ್ದವರೇ ಇಬ್ಬರು. ಅಂಥದ್ದರಲ್ಲಿ ಅವನು ಸ್ನೇಹಿತರ ಸಾಕ್ಷಿ ಹಾಕಿಸಿ ರಿಜಿಸ್ಟರ್ ಮದುವೆ ಮಾಡಿಕೊಂಡ. ಅಕ್ಕನಿಗೆ ತಿಳಿಸಿದ್ದು ವಾರ ಕಳೆದ ಮೇಲೆ. ಹುಡುಗಿಯ ಮನೆಯವರು ತಕರಾರು ತೆಗೆದಿದ್ದರಂತೆ, ಎಲ್ಲ ಅವಸರದಲ್ಲಿ ಆಯಿತಂತೆ. ಇರಬಹುದು. ಆದರೆ ಒಂದು ಫೋನು ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು "ಒಳ್ಳೇದಾಗ್ಲಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅವನು ಮತ್ತೆ ಮಾಡುತ್ತಾನೆಂದು ಇವಳು, ಇವಳ ಸಿಟ್ಟು ಇಳಿಯಲೆಂದು ಅವನು. ಹಾಗೇ ದಿನಗಳು ಉರುಳಿದವು. ಅವಳಿಗೆ ಸಿಟ್ಟು ಯಾವಾಗಲೋ ಇಳಿದುಹೋಗಿತ್ತು. ಉಳಿದಿದ್ದದ್ದು ಬರೀ ನೋವು.

ಅವಳು ಎಲ್ಲರನ್ನೂ ಕೇಳುವಂತೆಯೇ ಕೇಳಿದಳು: "ಯಾರಿಗೆ ಬೇಕು, ತಿಳಿಸುತ್ತೀರಾ?"

ಉತ್ತರ ಸ್ವಲ್ಪ ಹೊತ್ತಿನ ಮೇಲೆ ಬಂತು. "ನಮ್ಮಕ್ಕನಿಗೆ. ಈಗ ಮಾತಿಲ್ಲ. ತಪ್ಪು ನಂದೇ. ಬರಿಗೈಲಿ ಹೋಗೋಕೆ ಮುಖ ಇಲ್ಲ. ಹೊಸ ಆಟದಲ್ಲಿ ಕಪ್ಪೆನ ದಡದವರೆಗೂ ನಡೆಸ್ತೀನಿ, ಅಲ್ಲಿ ನಿಂತುಬಿಡ್ತೀನಿ. ಹಾರಿಸೋದು ಅವಳ ಕೆಲಸ ಆಗಿತ್ತು." ಅದರ ಕೆಳಗೆ ಇನ್ನೊಂದು ಸಾಲು: "ಬೂಟು ಇದ್ದಿದ್ದು ಎಡಗಾಲಿಗೆ. ಅಕ್ಕ ಮಾತ್ರ ಬಲಗಾಲು ಅಂತ ಹಟ ಹಿಡೀತಾಳೆ. ಹೋಗ್ಲಿ, ಅವಳು ಹೇಳಿದ ಹಾಗೇ ಬಲಗಾಲಿಗೇ ಹಾಕಿ."

ಅವಳು ಎದ್ದು ಹೋಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಬೂಟಿನ ಜಗಳ ಹುಟ್ಟಿದ್ದು ಆಟ ಮುಚ್ಚಿದ ಮೇಲೆ, ಬೆರಳಿಟ್ಟು ತೋರಿಸಲು ಪರದೆಯ ಮೇಲೆ ಕಪ್ಪೆಯೇ ಇಲ್ಲದಾಗ. ಎಷ್ಟು ವರ್ಷ ಎಡ, ಬಲ ಎಂದು ಕಚ್ಚಾಡಿದ್ದರು! ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಅವನ ಪರೀಕ್ಷೆಯ ದಿನ ಬೆಳಿಗ್ಗೆ ಕೂಡ. ಒಮ್ಮೆಯೂ ಸೋಲದ ಹುಡುಗ ಈಗ ಯಾರೋ ಅಪರಿಚಿತರ ಮುಂದೆ ಸೋತು ಕೂತಿದ್ದ.

ಹೊಸ ಆಟವನ್ನು ಅವಳೂ ತೆರೆದು ನೋಡಿದ್ದಳು. ಊಟದ ಬಿಡುವಿನಲ್ಲಿ, ಬಟ್ಟೆಯ ಲೆಕ್ಕ ಬರೆಯುವ ಕಂಪ್ಯೂಟರಿನಲ್ಲಿ. ಉದ್ದ ಕೀಲಿ ಒತ್ತಿದಳು, ಕಪ್ಪೆ ಹಾರಿ ಅಲ್ಲೇ ಇಳಿಯಿತು. ಮತ್ತೆ ಒತ್ತಿದಳು, ಮತ್ತೆ ಅಲ್ಲೇ. ಬಾಣದ ಕೀಲಿ ಒತ್ತುವುದು ಯಾವ ಮಹಾ ವಿದ್ಯೆ? ಆದರೆ ಅವಳ ಕೈ ಅತ್ತ ಹೋಗಲಿಲ್ಲ.

"ಏನಂತೆ? ಸತ್ತವರ ಮನೇಗೆ ಹೋಗಿಬಂದ ಹಾಗೆ ಆಗಿದೆ ಮುಖ," ಎಂದಳು ಇಸ್ತ್ರಿಯಮ್ಮ. ಅವಳು ಎಲ್ಲವನ್ನೂ ಹೇಳಿಕೊಂಡಳು.

"ಒಳ್ಳೇದೇ ಆಯ್ತಲ್ಲ! ಹೊಲಿದು ಕಳ್ಸು. ಅವನು ತಂದು ಕೊಡ್ತಾನೆ, ನೀನು ಅಯ್ಯೋ ಇದೇನಪ್ಪಾ ಅಂತ ಆಶ್ಚರ್ಯಪಡು."

"ನನಗೆ ಆ ನಾಟಕ ಬರಲ್ಲಮ್ಮ."

"ಹಾಗಾದ್ರೆ ನಾನೇ ಕಣೋ ಅಂತ ಹೇಳ್ಬಿಡು."

"ಯಾರೋ ಬೇರೆಯವರು ಅಂದ್ಕೊಂಡು ಮನಸ್ಸು ಬಿಚ್ಚಿದ್ದಾನೆ. ನಾನು ಅಂತ ಗೊತ್ತಾದ್ರೆ ನಾಚಿಕೊಂಡು ಮತ್ತೆ ಮುದುರಿಕೊಂಡುಬಿಟ್ರೆ? ಅವನು ಮೊದಲಿಂದ್ಲೂ ಹಾಗೇ. ಈ ಸಲ ಹೋದ್ರೆ ಮತ್ತೆ ಬರಲ್ಲ."

ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಎರಡು ವರ್ಷದಿಂದ ಎಲ್ಲಿಗೆ ಬಂದಿದ್ದಾನೆ, ಹೋಗೋಕೆ?"

ಟೋಪಿರಾಯನನ್ನು ಅವಳು ಬೇರೆ ಕಪ್ಪೆಗಳ ಹಾಗೆ ಬಿಡುವಿನಲ್ಲಿ ಹೊಲಿಯಲಿಲ್ಲ. ಮನೆಗೆ ಒಯ್ದು, ಬೆಳಗಿನ ಬಿಸಿಲಿಗೆ ಕಿಟಕಿಯ ಬಳಿ ಕೂತು ಹೊಲಿದಳು. ಟೋಪಿಗೆ ಪಟ್ಟೆಯನ್ನು ಅಮ್ಮನ ಹಳೆಯ ಕೆಂಪು ಸೀರೆಯಿಂದ ಕತ್ತರಿಸಿದಳು. ಬೂಟನ್ನೂ ಹೊಲಿದಳು, ಆದರೆ ಕಾಲಿಗೆ ಕೂಡಿಸಲಿಲ್ಲ. ಆಮೇಲೆ ಫೋನು ಹಿಡಿದು, ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಹೀಗೆ ಕಳಿಸಿದಳು: "ಟೋಪಿರಾಯ ತಯಾರು. ಆಸ್ಪತ್ರೆ ಹಿಂದಿನ ಬಟ್ಟೆ ಕೋಣೆಯಲ್ಲಿದ್ದಾನೆ. ಬೂಟು ಇನ್ನೂ ಹಾಕಿಲ್ಲ. ಯಾವ ಕಾಲು ಅಂತ ನೀನೇ ಬಂದು ತೋರಿಸೋ."

ಅಕ್ಕ ಕೆಲಸ ಮಾಡುವ ಜಾಗ ಅವನಿಗೆ ಗೊತ್ತಿಲ್ಲದ್ದಲ್ಲ. ಅವನು ಓದಿದ್ದೂ ಫೋನಿನಲ್ಲಿ ಕಾಣಿಸಿತು. ಉತ್ತರ ಮಾತ್ರ ಬರಲಿಲ್ಲ. ಆ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಅವಳು ಗೌನಿನ ತೋಳನ್ನು ಕುತ್ತಿಗೆಗೆ ಕೂಡಿಸಿ ಬಿಚ್ಚಿದಳು. ಬಾಗಿಲಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ತಲೆಯೆತ್ತಿ, ಬಟ್ಟೆಗಾಡಿ ತಳ್ಳಿಕೊಂಡು ಬರುವ ವಾರ್ಡಿನವರನ್ನು ಕಂಡು ಮತ್ತೆ ಬಗ್ಗಿದಳು. ಕಳಿಸಬಾರದಿತ್ತು ಎಂದು ತನ್ನನ್ನೇ ಶಪಿಸಿಕೊಂಡಳು. ಇಸ್ತ್ರಿಯಮ್ಮ ಎರಡು ದಿನ ಒಂದೂ ತಮಾಷೆ ಮಾಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಮೇಡಂ ಊಟಕ್ಕೆ ಹೋಗಿದ್ದಾಗ, ಬಾಗಿಲಲ್ಲಿ ಒಂದು ಉಪಕರಣಗಳ ಚೀಲ ಕಾಣಿಸಿತು. ಅದರ ಹಿಂದೆ ತಮ್ಮ. ಲಿಫ್ಟ್ ರಿಪೇರಿಯ ನೀಲಿ ಅಂಗಿ, ಮೊಣಕೈವರೆಗೂ ಗ್ರೀಸು. ಸ್ವಲ್ಪ ಇಳಿದುಹೋಗಿದ್ದ. ಅವಳಿಗೆ ಕೂಡಲೇ ಕಾಣಿಸಿದ್ದು ಅದೇ.

"ಲಿಫ್ಟ್ ನೋಡೋಕೆ ಬಂದಿದ್ದೆ," ಎಂದ, ನೆಲ ನೋಡುತ್ತ.

"ಈ ಕಟ್ಟಡದಲ್ಲಿ ಲಿಫ್ಟೇ ಇಲ್ವಲ್ಲೋ ಗುಂಡ."

"ಅದನ್ನೇ. ಇದ್ಯಾ ಇಲ್ವಾ ಅಂತ ನೋಡೋಕೆ ಬಂದೆ."

ಇಸ್ತ್ರಿಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವನು ಒಳಗೆ ಬಂದು, ಒಗೆದ ಬಟ್ಟೆಗೆ ಕೈ ತಾಗದಂತೆ ಕಳ್ಳನ ಹಾಗೆ ಗೋಡೆಗಂಟಿ ನಿಂತ. "ಅಕ್ಕ, ಅವತ್ತು ಮದುವೆ..." ಎಂದು ಶುರುಮಾಡಿದ. "ನಿನಗೆ ಮೊದಲು ಹೇಳ್ಬೇಕಿತ್ತು. ಹೇಳಿದ್ರೆ ತಡಿ ಅಂತೀಯೇನೋ ಅಂತ ಹೆದರಿದೆ. ಆಮೇಲೆ ಹೇಳದೆ ಇದ್ದಿದ್ದಕ್ಕೇ ಹೆದರಿದೆ."

"ನಾನು ತಡಿ ಅಂತಿರಲಿಲ್ಲ ಕಣೋ. ನಾನೂ ಬರ್ತೀನಿ ಅಂತಿದ್ದೆ, ಅಷ್ಟೇ." ಅವಳು ಡ್ರಾ ಎಳೆದು, ಟೋಪಿರಾಯನನ್ನು ಮೇಜಿನ ಮೇಲೆ ತಮ್ಮಿಬ್ಬರ ಎದುರಿಗೆ ಕೂರಿಸಿದಳು. "ಮೊದಲು ಇದನ್ನ ಮುಗಿಸು. ಯಾವ ಕಾಲು?"

ಅವನು ಟೋಪಿಯ ಪಟ್ಟೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿದ. ಅದು ಯಾವ ಸೀರೆಯದ್ದೆಂದು ಅವನಿಗೆ ಗೊತ್ತಾಯಿತು. ಆಮೇಲೆ, "ನೀನು ಹೇಳಿದ್ದೇ ಆಗ್ಲಿ. ಬಲಗಾಲು," ಎಂದ.

"ನನಗೋಸ್ಕರ ಬೇಡ. ನಿನಗೆ ನೆನಪಿರೋದು ತೋರಿಸು."

"ನನಗೆ ನೆನಪಿರೋದು ಇದು." ಅವನು ತನ್ನ ಎಡಗಡೆಗಿದ್ದ ಕಾಲಿನ ಮೇಲೆ ಬೆರಳಿಟ್ಟ. "ಎಡಗಾಲು."

ಅವಳು ಅವನ ಬೆರಳನ್ನೇ ನೋಡಿದಳು. "ಅದು ಬಲಗಾಲಲ್ವೇನೋ."

"ಇದು ಎಡ."

"ನಿನಗೆ ಎಡ. ಅವನು ನಿನ್ನ ಕಡೆ ಮುಖ ಮಾಡಿದ್ದಾನಲ್ಲ, ಅವನಿಗೆ ಬಲ. ಗೌನಿಗೆ ಜೇಬು ಇಡುವಾಗ ತೊಡೋರ ಬಲ ನೋಡ್ತೀವೋ, ಎದುರಿಗೆ ನಿಂತೋರದ್ದೋ? ನಾನು ಹೇಳ್ತಿದ್ದಿದ್ದೂ ಇದೇ ಕಾಲು!"

ಇಬ್ಬರೂ ಕಪ್ಪೆಯನ್ನು ನೋಡಿದರು. ಅವನು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದ. "ಹಾಗಾದ್ರೆ ಇಷ್ಟು ವರ್ಷ ನಾವು ಜಗಳ ಆಡಿದ್ದು..."

"ಒಂದೇ ಕಾಲಿಗೆ," ಎಂದಳು ಇಸ್ತ್ರಿಯಮ್ಮ ಹಿಂದಿನಿಂದ.

ಮೊದಲು ನಕ್ಕವರು ಯಾರೆಂದು ಹೇಳುವುದು ಕಷ್ಟ. ಅವನು ಗೋಡೆಗೆ ಒರಗಿ ನಕ್ಕ. ಅವಳು ಚಾದರದ ರಾಶಿಗೆ ಮುಖ ಹುದುಗಿಸಿ ನಕ್ಕಳು, ನಗುತ್ತ ನಗುತ್ತ ಅತ್ತಳು. ಅಳು ಮುಗಿದ ಮೇಲೆ ಸೂಜಿಗೆ ದಾರ ಪೋಣಿಸಿ ಬೂಟು ಕೂಡಿಸಿದಳು. ಅವನು ಕೈ ತೊಳೆದು ಬಂದು ಕಪ್ಪೆಯ ಕಾಲನ್ನು ಅಲುಗಾಡದಂತೆ ಹಿಡಿದುಕೊಂಡ.

"ನಿನ್ನ ಹೆಂಡತಿಗೂ ಒಂದು ಕಪ್ಪೆ ಮಾಡ್ತೀನಿ," ಎಂದಳು, ಹೊಲಿಗೆಯಿಂದ ಕಣ್ಣೆತ್ತದೆ.

"ಅವಳು ಈ ಆಟ ಆಡೇ ಇಲ್ಲ ಅಕ್ಕ."

"ಆಡದಿದ್ರೇನಂತೆ? ಯಾವ ಟೋಪಿ ಬೇಕು ಅಂತ ಕೇಳ್ಕೊಂಡು ಬಾ. ಬೇಡ, ಅವಳನ್ನೇ ಕರ್ಕೊಂಡು ಬಾ. ತಲೆ ಅಳತೆ ತಗೋಬೇಕು."

"ಕಪ್ಪೆ ಟೋಪಿಗೆ ಅವಳ ತಲೆ ಅಳತೆ ಯಾಕೆ?"

"ಬಾ ಅಂದ್ರೆ ಬಾ."

ಅವನು ತಲೆಯಾಡಿಸಿ ಲೆಕ್ಕದ ಕಂಪ್ಯೂಟರಿನ ಕಡೆ ನೋಡಿದ. "ಅದರಲ್ಲಿ ಬರುತ್ತಾ?" ಇಸ್ತ್ರಿಯಮ್ಮ ಹೋಗಿ, ಮೇಡಂ ಬರುವ ದಾರಿ ಕಾಣುವಂತೆ ಬಾಗಿಲಲ್ಲಿ ನಿಂತಳು.

ಕುರ್ಚಿ ಒಂದೇ ಇತ್ತು. ಇನ್ನೊಂದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಅರ್ಧ ಅವಳು, ಅರ್ಧ ಅವನು. ಈಗ ಇಬ್ಬರೂ ಅರ್ಧಕ್ಕೆ ಹಿಡಿಯುವ ಗಾತ್ರದವರಲ್ಲವಾದ್ದರಿಂದ ಒಂದೊಂದು ಕಾಲು ಹೊರಗೆ ಊರಿಕೊಂಡು ಕೂತರು. ಅವನು ತನ್ನ ಗುಂಪಿನ ಹೆಸರು ಹಾಕುತ್ತಲೇ ಪರದೆಯಲ್ಲಿ ಮೊದಲ ಕೊಳದ ದಡ ತೆರೆಯಿತು. ಅವನು ಬಿಟ್ಟುಹೋದಲ್ಲೇ ನಿಂತಿದ್ದ ಬೋಳು ಕಪ್ಪೆ ಮೇಷ್ಟ್ರ ಗಂಟಲಿನಲ್ಲಿ ವಟಗುಟ್ಟಿತು. ಅವನು ಬಾಣದ ಕೀಲಿಗಳ ಮೇಲೆ ಬೆರಳಿಟ್ಟು ಅದನ್ನು ಓಡಿಸಿದ.

"ಹಾಂ!"

ಅವಳು ಒತ್ತಿದ್ದು ತಡವಾಯಿತು. ಕಪ್ಪೆ ಬುಳುಂಕನೆ ನೀರಿಗೆ ಬಿತ್ತು.

"ಲೇಟಾಗಿ ಒತ್ತಿದೆ ನೀನು."

"ನೀನು ಲೇಟಾಗಿ ಹೇಳಿದೆ."

ಕಪ್ಪೆ ಮತ್ತೆ ದಡದಲ್ಲಿ ಎದ್ದು ನಿಂತಿತು. ಅವನು ಅದನ್ನು ಸ್ವಲ್ಪ ಹಿಂದಕ್ಕೆ, ಓಡಿ ಬರಲು ಜಾಗವಿರುವಷ್ಟು ಹಿಂದಕ್ಕೆ ನಡೆಸಿಕೊಂಡು ಹೋದ. ಆಮೇಲೆ ಏನೋ ನೆನಪಾದವನಂತೆ ಮೇಜಿನಿಂದ ಟೋಪಿರಾಯನನ್ನು ತಂದು ಕೀಲಿಗಳ ಮುಂದೆ, ಪರದೆಗೆ ಮುಖಮಾಡಿ ಕೂರಿಸಿದ. ಹಿಂದುಮುಂದಾದ ಟೋಪಿಯ ಅಂಚು ಅವರಿಬ್ಬರ ಕಡೆಗಿತ್ತು. ಒಂಟಿ ಬೂಟು ಈಗ ಮೂವರಿಗೂ ಬಲಗಡೆಗೇ ಇತ್ತು. ಅವಳು ಹೆಬ್ಬೆರಳನ್ನು ಉದ್ದ ಕೀಲಿಯ ಮೇಲಿಟ್ಟು, ತಮ್ಮನ ಬಾಯಿಂದ ಆ ಒಂದು ಸದ್ದು ಬರುವುದನ್ನೇ ಕಾಯುತ್ತ ಕೂತಳು.